ಮೂರನೇ ಕೂಗಿಗೆ ಗಟ್ಟಿಮೇಳ

ಹೋದ ತಿಂಗಳು ಡೋಲು ಬಾರಿಸುವವನು ಮನೆಗೆ ಬಂದಿದ್ದ. ಸಂತೆಗೆ ಬಂದವನು ಹಾಗೇ ನಮ್ಮ ಬಾಗಿಲಿಗೂ ಬಂದು, ಜಗಲಿಯ ಮೇಲೆ ಕೂತು, ನೀರು ಕುಡಿದು, ಮಳೆಯ ಮಾತು, ರಾಗಿಯ ಮಾತು ಎಲ್ಲ ಮುಗಿಸಿದ. ಎದ್ದು ನಿಂತು ಟವಲು ಕೊಡವಿ ಹೆಗಲಿಗೆ ಹಾಕಿಕೊಳ್ಳುವಾಗ, "ನಮ್ಮ ಭಾವ ಹೋಗ್ಬಿಟ್ರು ಸ್ವಾಮಿ. ಇವತ್ತಿಗೆ ಹನ್ನೊಂದು ದಿನ" ಎಂದ. ಇಷ್ಟು ಹೊತ್ತೂ ಹೇಳದೆ ಕೂತಿದ್ದನಲ್ಲ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ಅವನು ಬಂದದ್ದೇ ಅದನ್ನು ಹೇಳುವುದಕ್ಕೆ, ಬಾಯಿ ಬರದೆ ರಾಗಿಯ ಮಾತಾಡುತ್ತಿದ್ದ ಎಂದು ಆಮೇಲೆ ಹೊಳೆಯಿತು.

ಅವನ ಭಾವ ಎಂದರೆ ನಾಗಸ್ವರ ಊದುತ್ತಿದ್ದವರು. ಕುಂದಾಣದ ಸುತ್ತಮುತ್ತಲ ಹಳ್ಳಿಗಳಲ್ಲಿ 'ಓಲಗದೋರು' ಎಂದರೆ ಸಾಕಿತ್ತು, ಯಾರೂ ಹೆಸರು ಕೇಳುತ್ತಿರಲಿಲ್ಲ. ನಾನು ಅವರ ಹೆಸರನ್ನು ಬರೆದದ್ದು ಒಂದೇ ಒಂದು ಸಲ, ಕಚೇರಿಯ ಕಾಗದದಲ್ಲಿ. ಅದು ಅಲ್ಲೇ ಇರಲಿ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಅವರು ಬದುಕಿದ್ದಷ್ಟು ಕಾಲ ನಾನು ಅವರನ್ನು 'ನೀನು' ಎಂದೇ ಮಾತಾಡಿಸಿದೆ. ನನಗಿಂತ ಮೂವತ್ತು ವರ್ಷ ದೊಡ್ಡವರು. ಬೆಳಿಗ್ಗೆ ಊರಿನವರ ಕ್ಷೌರ ಮಾಡಿ ಮಧ್ಯಾಹ್ನ ನಾಗಸ್ವರ ಹಿಡಿಯುವ ಮನೆತನದವರನ್ನು ಆಗ ಎಲ್ಲರೂ ಹಾಗೆಯೇ ಮಾತಾಡಿಸುತ್ತಿದ್ದೆವು. ಈಗ ಬರೆಯಲು ಕೂತರೆ ಬಹುವಚನ ತಾನಾಗಿ ಬರುತ್ತಿದೆ. ತಡವಾಗಿ ಬಂತು.

ಕುಳ್ಳಗಿನ ಆಳು. ಎರಡೂ ಕಿವಿಗೆ ಕೆಂಪು ಹರಳಿನ ಒಂಟಿ. ಊದುವಾಗ ಉಬ್ಬಿ ಉಬ್ಬಿ ಸಡಿಲವಾದ ಕೆನ್ನೆಗಳು, ಸುಮ್ಮನಿದ್ದಾಗ ಒಳಕ್ಕೆ ಬಿದ್ದು ಮುಖಕ್ಕೆ ಏನೋ ಹಸಿದ ಕಳೆ ಕೊಡುತ್ತಿದ್ದವು. ಹೆಂಡತಿಯ ಹಳೆಯ ಹಸಿರು ಸೀರೆಯಲ್ಲಿ ಹೊಲಿದ ಚೀಲದಲ್ಲಿ ನಾಗಸ್ವರ. ಅದರ ತುದಿಗೆ ಸಿಕ್ಕಿಸುವ ಪೀಪಿಗಳು ಒಂದು ದಾರದಲ್ಲಿ ಪೋಣಿಸಿ ಕೊರಳಲ್ಲಿ. ಒಣಗಿದ ಪೀಪಿ ನುಡಿಯುವುದಿಲ್ಲ, ಬಾಯಲ್ಲಿಟ್ಟು ನೆನೆಸಬೇಕು. ಆದ್ದರಿಂದ ಅವರು ಎಲ್ಲಿಗಾದರೂ ಊದಲು ಹೊರಟರೆ ದಾರಿಯುದ್ದಕ್ಕೂ ಬಾಯಲ್ಲೊಂದು ಪೀಪಿ ಇರುತ್ತಿತ್ತು. ಯಾರಾದರೂ ಮಾತಾಡಿಸಿದರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ಗೊತ್ತಿಲ್ಲದವರು ಜಂಬ ಎಂದುಕೊಳ್ಳುತ್ತಿದ್ದರು. ಗೊತ್ತಿದ್ದವರಿಗೆ, ಓಲಗದೋರ ಬಾಯಲ್ಲಿ ಪೀಪಿ ಕಂಡರೆ ಎಲ್ಲೋ ಏನೋ ಶುರುವಾಗಲಿದೆ ಎಂದು ಅರ್ಥ.

ಮಾತಿನಲ್ಲಿ ಜಿಪುಣರು. ಆಡಿದ್ದನ್ನೇ ಆಡುತ್ತಿದ್ದರು. ಓಲಗದವನಿಗೆ ಎರಡು ಕೆಲಸವಂತೆ. ಒಳ್ಳೆಯದನ್ನು ಕೇಳಿಸುವುದು ಒಂದು, ಕೆಟ್ಟದ್ದು ಕೇಳಿಸದ ಹಾಗೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಕಲಿತರೆ ಬರುತ್ತದೆ, ಎರಡನೆಯದಕ್ಕೆ ಕಿವಿ ಬೇಕು ಎನ್ನುತ್ತಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಜಗಳ, ಯಾವ ಅಪಶಬ್ದವೂ ಹೆಣ್ಣುಗಂಡಿನ ಕಿವಿಗೆ ಬೀಳಬಾರದೆಂದು ನಾಗಸ್ವರ, ಡೋಲು ಎಲ್ಲ ಒಟ್ಟಿಗೆ ಎತ್ತಿಕೊಳ್ಳುವುದೇ ಗಟ್ಟಿಮೇಳ. ಪುರೋಹಿತರು ಕೈ ಎತ್ತಿ ಬೆರಳು ಆಡಿಸುತ್ತಾರೆ, ಇವರು ಹಿಡಿಯುತ್ತಾರೆ. ನಮಗೆ ಅದೊಂದು ಗದ್ದಲ. ಅವರಿಗೆ ಅದೇ ಕಸುಬಿನ ತಿರುಳು.

ಒಮ್ಮೆ ಹೊಲಗೇರಿಯ ಮದುವೆಗೆ ಡೋಲು, ಶ್ರುತಿ ಎಲ್ಲ ಸಮೇತ ಹೋಗಿ ಊದಿ ಬಂದರು. ಅಲ್ಲಿಯವರೆಗೆ ಅಲ್ಲಿ ತಮಟೆ ಬಿಟ್ಟರೆ ಬೇರೆ ವಾದ್ಯ ಹೋದದ್ದಿಲ್ಲ. ಊರಿನ ದೊಡ್ಡ ಮನೆಗಳವರು ಚಾವಡಿಗೆ ಕರೆಸಿ ಕೇಳಿದರು. "ತಾಳಿ ಕಟ್ಟೋ ಹೊತ್ನಲ್ಲಿ ಕೆಟ್ಟ ಮಾತು ಅವರ ಕಿವಿಗೆ ಬಿದ್ರೆ ಪರವಾಗಿಲ್ವಾ?" ಎಂದು ಇವರು ವಾಪಸು ಕೇಳಿದರಂತೆ. ಆ ವರ್ಷ ಎರಡು ಮನೆಗಳವರು ಮದುವೆಗೆ ದೊಡ್ಡಬಳ್ಳಾಪುರದಿಂದ ಓಲಗ ತರಿಸಿದರು. ಮುಂದಿನ ವರ್ಷ ಆ ಗಾಡಿಬಾಡಿಗೆ ದಂಡ ಎಂದುಕೊಂಡು ಮತ್ತೆ ಇವರನ್ನೇ ಕರೆದರು. ಯಾವ ಮನೆಯಲ್ಲಿ ಊದಿದರೂ ಅವರಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಕೊಟ್ಟಿಗೆಯ ಪಕ್ಕ. ಅದರ ಬಗ್ಗೆ ಅವರು ಏನನ್ನೂ ಹೇಳಿದ್ದು ನಾನು ಕೇಳಿಲ್ಲ. ನಾನೂ ಕೇಳಲಿಲ್ಲ.

ನನ್ನ ಮದುವೆ ಆದದ್ದು ಅವರ ಊರಿನಲ್ಲಿ. ನನ್ನ ಹೆಂಡತಿ ಆ ಊರಿನ ಶ್ಯಾನುಭೋಗರ ಮಗಳು. ನನ್ನ ಸೋದರಮಾವನಿಗೆ ತನ್ನ ಮಗಳನ್ನು ನನಗೆ ಕೊಡುವ ಆಸೆ ಇತ್ತು. ಅದು ತಪ್ಪಿತೆಂದು ಮದುವೆಗೆ ಮೂರು ದಿನ ಮೊದಲಿಂದ ಮುಖ ಊದಿಸಿಕೊಂಡಿದ್ದ. ನಾನು ತಾಳಿ ಕೈಯಲ್ಲಿ ಹಿಡಿದಿದ್ದೇನೆ. ಮಾವ ಚಪ್ಪರದ ಕಂಬದ ಪಕ್ಕದಿಂದ ಎದ್ದು ನಿಂತ. ಹುಡುಗಿಯ ಕಡೆಗೆ ಕೈ ತೋರಿಸಿದ, ಬಾಯಿ ತೆರೆದ. ಪುರೋಹಿತರ ಕೈ ಇನ್ನೂ ಮಡಿಲಲ್ಲೇ ಇತ್ತು. ಅಷ್ಟರಲ್ಲಿ ನಾಗಸ್ವರ ಎದ್ದುಬಿಟ್ಟಿತು, ಅದರ ಹಿಂದೆಯೇ ಡೋಲು. ಮಾವನ ತುಟಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಪುರೋಹಿತರು ಗಾಬರಿಯಾಗಿ ಕೈ ಎತ್ತಿದರು, ನಾನು ಗಾಬರಿಯಾಗಿ ತಾಳಿ ಕಟ್ಟಿದೆ. ಮಾವ ಊಟಕ್ಕೂ ನಿಲ್ಲದೆ ಹೊರಟುಹೋದ. ಎರಡು ವರ್ಷದಲ್ಲಿ ತೀರಿಕೊಂಡ. ಅವನು ಅವತ್ತು ಏನಂದ ಎಂಬುದು ನನಗೆ ಗೊತ್ತಾಗಲೇ ಇಲ್ಲ.

ಮಾರನೆಯ ದಿನ ಚಪ್ಪರ ಬಿಚ್ಚುವಾಗ ಓಲಗದೋರು ಬಂದು ಹಾಲುಗಂಬ ಕೇಳಿದರು. ನಮ್ಮ ಕಡೆ ಮದುವೆ ಚಪ್ಪರಕ್ಕೆ ಮೊದಲು ನೆಡುವ ಕಂಬ ಹಾಲು ಬರುವ ಮರದ್ದಾಗಬೇಕು. ಹಸಿ ಅತ್ತಿಕೊಂಬೆ ಕಡಿದು, ಅರಿಶಿನ ಕುಂಕುಮ ಇಟ್ಟು, ಪೂಜೆ ಮಾಡಿ ನೆಡುತ್ತಾರೆ. ಮದುವೆ ಮುಗಿದ ಮೇಲೆ ಅದನ್ನು ಕೇಳುವವರಿಲ್ಲ, ಹಿತ್ತಿಲಲ್ಲಿ ಬಿದ್ದು ಒಣಗುತ್ತದೆ. ಆ ಊರಿನಲ್ಲಿ ಮಾತ್ರ ಹಾಗಿರಲಿಲ್ಲ. ಹುಡುಗ ಹುಡುಗಿ ಕಂಬ ಹಿಡಿದು ಮುಂದೆ, ಓಲಗ ಅದರ ಹಿಂದೆ, ಮನೆಯವರೆಲ್ಲ ಅದರ ಹಿಂದೆ, ಹೀಗೆ ಊರಾಚೆಯ ಗುಂಡುತೋಪಿಗೆ ಹೋಗಿ ಅಂಚಿನಲ್ಲಿ ಗುಂಡಿ ತೋಡಿ ನೆಡಬೇಕು. ನೆಡುವ ತನಕ ಓಲಗದೋರು ಕೊನೆಯ ತಾಂಬೂಲ ಮುಟ್ಟುತ್ತಿರಲಿಲ್ಲ. ತಾಂಬೂಲ ಮುಟ್ಟದೆ ಓಲಗ ಹೊರಟರೆ ಮನೆಗೆ ಒಳ್ಳೆಯದಲ್ಲ ಎಂದು ಹೆಂಗಸರು ಹೆದರುತ್ತಿದ್ದರು. ಇದು ತಾತಮುತ್ತಾತರ ಕಾಲದ ಪದ್ಧತಿ ಎಂದು ನನ್ನ ಹೆಂಡತಿಯ ತಂದೆ ಹೇಳಿದರು. ಹಾಗೇನಿಲ್ಲ, ಓಲಗದೋರೇ ಹದಿನೈದು ಇಪ್ಪತ್ತು ವರ್ಷದ ಹಿಂದೆ ಶುರು ಮಾಡಿದ್ದು ಎಂದು ಡೋಲಿನವನು ಆಮೇಲೆ ಹೇಳಿ ನಕ್ಕ.

ಯಾಕೆ ಶುರು ಮಾಡಿದೆ ಎಂದು ಒಮ್ಮೆ ಕೇಳಿದೆ. ಅವರ ಅಪ್ಪ ಅವರಿಗೆ ಪಾಠ ಹೇಳಿದ್ದು ಆ ತೋಪಿನಲ್ಲಂತೆ. ಮನೆಯಲ್ಲಿ ಊದಿದರೆ ನೆರೆಯವರು ಬೈಯುತ್ತಿದ್ದರು. ಮಾವು, ನೇರಳೆ, ಹೊಂಗೆ ಒತ್ತಾಗಿ ಬೆಳೆದ ಜಾಗ. ಅಲ್ಲಿ ಊದಿದರೆ ಸ್ವರ ಮರಗಳಿಗೆ ತಾಗಿ ವಾಪಸು ಬರುತ್ತದೆ, ಎಲ್ಲಿ ತಪ್ಪಿತು ಎಂದು ಅದೇ ಹೇಳುತ್ತದೆ. ಬಯಲಿನಲ್ಲಿ ಊದಿದರೆ ಹೋದದ್ದು ಹೋಯಿತು. ವರ್ಷಕ್ಕೊಂದು ಎರಡು ಮರ ಬೀಳುತ್ತಿದ್ದವು, ಯಾರೂ ನೆಡುತ್ತಿರಲಿಲ್ಲ. ಸ್ವರ ವಾಪಸು ಬರುವುದು ಕಡಿಮೆಯಾಯಿತು. ಇಷ್ಟೇ ಕಾರಣ. ಇದನ್ನು ಅವರು ತರ್ಕವೆಂದು ಹೇಳಲಿಲ್ಲ, ಚಪ್ಪಲಿ ಕಿತ್ತುಹೋಯಿತು ಎನ್ನುವ ಹಾಗೆ ಹೇಳಿದರು.

ಯುದ್ಧ ಬಂತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡತೊಡಗಿದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲ ಬೆಂಕಿ. ಕ್ಲೀನರು ಬೆಳಿಗ್ಗೆ ಎದ್ದು ಅರ್ಧ ಗಂಟೆ ಹಿಡಿ ತಿರುಗಿಸಿದ ಮೇಲೆ ಬಸ್ಸು ಕೆಮ್ಮುತ್ತ ಹೊರಡುತ್ತಿತ್ತು. ದೇವನಹಳ್ಳಿಯ ದಾರಿಯ ಏರಿನಲ್ಲಿ ನಾವೆಲ್ಲ ಇಳಿದು ನಡೆಯುತ್ತಿದ್ದೆವು. ಬೆಂಗಳೂರಿನ ಸುತ್ತ ಬಿದ್ದಿದ್ದ ಸೈನ್ಯದ ಡೇರೆಗಳಿಗೂ ಸೌದೆ ಬೇಕಿತ್ತು. ಇದ್ದಿಲು ಎಲ್ಲಿಂದ ಬರಬೇಕು? ಸರ್ಕಾರದ ಲೆಕ್ಕಕ್ಕೆ ಸೇರಿದ ಗುಂಡುತೋಪುಗಳನ್ನು ಒಂದೊಂದಾಗಿ ಹರಾಜಿಗೆ ಹಾಕುವಂತೆ ಮೇಲಿನಿಂದ ಆಜ್ಞೆ ಬಂತು.

ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ತಾಲ್ಲೂಕು ಎಂಬುದು ಮುಖ್ಯವಲ್ಲ. ನನ್ನ ಹೆಂಡತಿಯ ಊರಿನ ತೋಪಿನ ಮರಗಳನ್ನು ಎಣಿಸಿ, ತೊಗಟೆ ಹೆರೆದು, ಡಾಂಬರಿನಲ್ಲಿ ನಂಬರು ಹಾಕಿಸುವ ಕೆಲಸ ನನ್ನ ಪಾಲಿಗೇ ಬಂತು. ಅಂಚಿನಲ್ಲಿ ಅತ್ತಿಮರಗಳು ಸಾಲಾಗಿದ್ದವು, ಕೆಲವು ದೊಡ್ಡವು, ಕೆಲವು ತೋಳಿನ ದಪ್ಪ. ನಾನು ನೆಟ್ಟದ್ದು ಚಿಗುರಿತ್ತು. ಮೊದಲ ಬೇಸಗೆಯಲ್ಲಿ ನನ್ನ ಅತ್ತೆ ಕೊಡದಲ್ಲಿ ನೀರು ಹೊತ್ತು ಹಾಕಿದ್ದರು. ಸಣ್ಣವನ್ನು ಬಿಡಬಹುದೇನೋ ಎಂದು ನೋಡಿದೆ. ಎಲ್ಲವನ್ನೂ ಹಾಕಬೇಕೆಂದು ಆಜ್ಞೆಯಲ್ಲಿ ಇತ್ತು. ಹಾಕಿಸಿದೆ. ನನ್ನ ಮರಕ್ಕೆ ಬಂದದ್ದು ನಲವತ್ತೊಂದು. ಓಲಗದೋರು ದೂರದಲ್ಲಿ ಕೂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಕಾಣೆ. ನನಗೆ ಅವತ್ತು ನಾಚಿಕೆಯಾಗಿತ್ತು, ಅದನ್ನು ಮನೆಯಲ್ಲಿ ಹೇಳಲೂ ಇಲ್ಲ.

ಊರಿನವರು ಅರ್ಜಿ ಕೊಟ್ಟರು. ಯುದ್ಧದ ಕಾಲದಲ್ಲಿ ಅರ್ಜಿಗೆ ಬೆಲೆ ಎಲ್ಲಿ? ಅದು ನನ್ನ ಮೇಜಿನ ಮೇಲೇ ಇತ್ತು.

ಹರಾಜಿನ ದಿನ ಅಮಲ್ದಾರರು ಜಟಕಾದಲ್ಲಿ ಬಂದರು. ಅಧಿಕಾರಿಗಳು ಊರಿಗೆ ಬಂದರೆ ಪಟೇಲರು ಊರ ಬಾಗಿಲಲ್ಲಿ ಓಲಗ ಊದಿಸಿ ಬರಮಾಡಿಕೊಳ್ಳುವುದು ವಾಡಿಕೆ. ದೇವಸ್ಥಾನದ ಸೇವೆಗೆ, ಇಂಥ ಸೇವೆಗೆ ಎಂದೇ ಓಲಗದೋರಿಗೆ ಕೆರೆಯ ಕೆಳಗೆ ಒಂದು ತುಂಡು ಇನಾಮ್ತಿ ಗದ್ದೆ ಇತ್ತು. ಅವರ ಮನೆ ಉಣ್ಣುತ್ತಿದ್ದದ್ದು ಅದರಿಂದ. ಊದಿದರು, ಚೆನ್ನಾಗಿಯೇ ಊದಿದರು. ಅಮಲ್ದಾರರಿಗೆ ಸಂಗೀತದ ಹುಚ್ಚಿತ್ತು, ಜಟಕಾ ನಿಲ್ಲಿಸಿ ಒಂದು ಗಳಿಗೆ ಕೇಳಿ ತಲೆದೂಗಿದರು. ಆಮೇಲೆ ಎಲ್ಲರೂ ತೋಪಿಗೆ ಹೋದೆವು. ಮಾವಿನ ಕೆಳಗೆ ಮೇಜು, ಕುರ್ಚಿ. ಬೆಂಗಳೂರಿನಿಂದ ಬಂದ ಇದ್ದಿಲು ಕಂಟ್ರಾಕ್ಟರು ಒಬ್ಬರು, ಅವರ ಜೊತೆ ಸುಮ್ಮನೆ ಸವಾಲು ಏರಿಸಲು ಬಂದ ಇಬ್ಬರು. ಊರಿನವರು ಸುತ್ತ ನಿಂತರು. ಹೆಂಗಸರೂ ಬಂದಿದ್ದರು. ಓಲಗದ ತಂಡ ಹಿಂದೆ ಒಂದು ಹೊಂಗೆಯ ಬುಡದಲ್ಲಿ ಕೂತಿತು. ಬರಮಾಡಿಕೊಂಡಾಗಿದೆ, ಅವರ ಕೆಲಸ ಮುಗಿದಿದೆ. ಆದರೆ ಓಲಗದೋರ ಬಾಯಲ್ಲಿ ಪೀಪಿ ಇತ್ತು. ನಾನದನ್ನು ನೋಡಿದೆ. ನೋಡಿ ಸುಮ್ಮನಾದೆ.

ಹರಾಜು ಕೂಗುವವರು ನಮ್ಮ ದಫೇದಾರ್ ಸಾಬರು. ಅಂಥ ಕಂಠ ಆ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಸವಾಲು ಏರಿ ಏರಿ ಕಂಟ್ರಾಕ್ಟರ ಬಾಯಲ್ಲಿ ನಿಂತಿತು. ಸಾಬರು ಬಲಗೈ ಎತ್ತಿ "ಒಂದನೇ ಸಲ" ಎಂದರು. ಸುಮ್ಮನೆ ನಿಂತು, "ಎರಡನೇ ಸಲ" ಎಂದರು. ಮೂರನೆಯ ಸಲಕ್ಕೆ ಕೈ ಇನ್ನೂ ಮೇಲೆತ್ತಿ ಬೆರಳು ಚಾಚಿ ಬಾಯಿ ತೆರೆದರು. ಗಟ್ಟಿಮೇಳ ಎದ್ದಿತು.

ನನಗೆ ಈಗಲೂ ನಗು ಬರುತ್ತದೆ. ಹತ್ತಾರು ವರ್ಷದ ಅಭ್ಯಾಸ, ಆ ಸದ್ದು ಕೇಳಿದ್ದೇ ತಡ ಕೂತ ಜನವೆಲ್ಲ ಎದ್ದು ನಿಂತರು. ಒಬ್ಬ ಮುದುಕಿ ಸೆರಗಿನಲ್ಲಿ ಅಕ್ಷತೆ ಹುಡುಕಿದಳು. ಅಮಲ್ದಾರರೇ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಸಾಬರ ಬಾಯಿ ಆಡುತ್ತಿತ್ತು. ಎರಡು ಮಾರು ದೂರದಲ್ಲಿದ್ದ ನನಗೆ ಒಂದಕ್ಷರ ಕೇಳಿಸಲಿಲ್ಲ. ಸಾಬರು ಕೈ ಇಳಿಸಿದರು, ಓಲಗ ನಿಂತಿತು. ಸಾಬರು ಮತ್ತೆ ಕೈ ಎತ್ತಿದರು, ಓಲಗ ಮತ್ತೆ ಎದ್ದಿತು. ಕೈ ಎತ್ತದೆ ಕೂಗಲು ನೋಡಿದರು. ಸಾಬರ ಬಾಯಿ ತೆರೆಯುವುದನ್ನೇ ನೋಡಿ ಇವರು ಹಿಡಿದರು. ಮೊದಲು ನಕ್ಕ ಕಂಟ್ರಾಕ್ಟರು ಆಮೇಲೆ ಕೆಂಪಾದರು. ಊದುತ್ತಲೇ ಮೂಗಿನಲ್ಲಿ ಉಸಿರು ತುಂಬಿಕೊಳ್ಳುವುದನ್ನು ಕಲಿತವರನ್ನು ದಣಿಸುವುದು ಸುಲಭವಲ್ಲ. ಸಾಬರು ಬೆವರು ಒರೆಸುತ್ತ ಮೇಜಿನ ಹತ್ತಿರ ಬಂದು, "ಕ್ಯಾ ಕರ್ನಾ ಸ್ವಾಮಿ, ಕೈ ಎತ್ತಿದ್ರೆ ಊದ್ತಾರೆ, ಎತ್ತಿಲ್ಲಾಂದ್ರೆ ಹರಾಜು ಆಗಲ್ಲ" ಎಂದರು.

ಮೂರನೆಯ ಕೂಗು ಎಲ್ಲರಿಗೂ ಕೇಳಿಸದೆ ಹರಾಜು ಕಾಯಂ ಆಗುವುದಿಲ್ಲ, ಅದು ನಿಯಮ. ಅಮಲ್ದಾರರು ನನ್ನ ಕಡೆ ನೋಡಿದರು. 'ಮೂರನೇ ಕೂಗು ಕೇಳಿಸಲಿಲ್ಲ, ಮುಂದೂಡಲಾಗಿದೆ' ಎಂದು ನಾನು ಬರೆದೆ. ಅದು ಸುಳ್ಳಲ್ಲ.

ವಾರದ ಮೇಲೆ ಓಲಗದೋರನ್ನು ಕಚೇರಿಗೆ ಕರೆಸಿದರು. ಅಮಲ್ದಾರರು ಕೆಟ್ಟವರಲ್ಲ. ಬೆಳಿಗ್ಗೆಯೇ ನನ್ನನ್ನು ಒಳಗೆ ಕರೆದು, ಆ ಮನುಷ್ಯನ ಗದ್ದೆ ಹೋಗುವುದು ತಮಗೆ ಬೇಡ, ಅವನು ಪಾರಾಗುವ ಹಾಗೆ ಒಂದು ಹೇಳಿಕೆ ಸಿದ್ಧ ಮಾಡು ಎಂದಿದ್ದರು. ಮಾಡಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುವ ಹಾಗಿತ್ತು. ಓಲಗದವನಿಗೆ ಕೈ ಎತ್ತುವುದೆಂದರೆ ಪುರೋಹಿತರ ಸನ್ನೆ. ದಫೇದಾರರು ಕೈ ಎತ್ತಿದ್ದನ್ನು ಆ ಸನ್ನೆಯೆಂದು ತಪ್ಪು ತಿಳಿದು ಗಟ್ಟಿಮೇಳ ಊದಿದೆನು, ಗೊತ್ತಿಲ್ಲದೆ ಆದದ್ದು, ಮನ್ನಿಸಬೇಕು. ಇಷ್ಟಕ್ಕೆ ಸಹಿ ಹಾಕಿದರೆ ಛೀಮಾರಿ ಹಾಕಿ ಕಳಿಸುವುದು, ಗದ್ದೆ ಉಳಿಯುವುದು, ತೋಪಿನ ಹರಾಜು ಇನ್ನೊಂದು ದಿನ ಓಲಗವಿಲ್ಲದೆ ನಡೆಯುವುದು.

ಓಲಗದೋರು ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಪೂರಾ ಓದಿದರು. ಓದಿ, ಕಾಗದವನ್ನು ನನ್ನ ಮುಂದೆ ಇಟ್ಟರು.

"ತಪ್ಪು ತಿಳಿದು ಅಂತ ಇದೆಯಲ್ಲ ಸ್ವಾಮಿ, ಅದನ್ನ ಹೊಡೆದ್ಹಾಕಿ."

ಅದನ್ನು ಹೊಡೆದರೆ ಉಳಿಯುವುದು ಏನೂ ಇಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ನನ್ನನ್ನು ಬಿಟ್ಟು ಅಮಲ್ದಾರರ ಕಡೆ ತಿರುಗಿ ಕೈ ಮುಗಿದರು.

"ನಲವತ್ತು ವರ್ಷ ಆಯ್ತು ಬುದ್ಧಿ ಊದೋಕೆ ಹಿಡಿದು. ಗಟ್ಟಿಮೇಳ ಒಂದು ಸಲಾನೂ ತಪ್ಪಿ ಊದಿಲ್ಲ. ಅವತ್ತೂ ಹೊತ್ತು ನೋಡೇ ಊದ್ದೆ."

"ಹಾಗಾದ್ರೆ ಬೇಕಂತಲೇ ಊದಿದ್ದು ಅಂತ ಬರೀಬೇಕಾ?" ಎಂದರು ಅಮಲ್ದಾರರು.

"ಹೌದು ಬುದ್ಧಿ. ಕೆಟ್ಟ ಮಾತು ಬರ್ತಿತ್ತು."

"ಸರ್ಕಾರದ ಹರಾಜು ಕೆಟ್ಟ ಮಾತಾ?"

"ಎಲ್ಲಾ ಕಡೆ ಅನ್ನಲ್ಲ. ಆ ತೋಪಲ್ಲಿ ಊರಿನ ಹಾಲುಗಂಬ ಅವೆ. ಅವುಗಳ ಮುಂದೆ ನಿಂತು ಕಡೀತೀವಿ ಅಂತ ಕೂಗೋದು ಕೆಟ್ಟ ಮಾತೇ."

ಗದ್ದೆ ಹೋಗುತ್ತದೆ, ತಿಳಿದಿದೆಯೇ ಎಂದು ಅಮಲ್ದಾರರು ಎರಡು ಸಲ ಕೇಳಿದರು. ಎರಡು ಸಲವೂ ಅವರು ತಿಳಿದಿದೆ ಎಂದರು. ದನಿ ಏರಲಿಲ್ಲ. ಕೈ ಮಾತ್ರ ಕೊರಳ ದಾರದಲ್ಲಿನ ಪೀಪಿಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು. ನಾನು ಇನ್ನೊಂದು ಕಾಗದ ತೆಗೆದು, ಅವರು ಹೇಳಿದಂತೆಯೇ ಬರೆದೆ. ಹೆಸರನ್ನೂ ಬರೆದೆ. ಅವರು ಸಹಿ ಹಾಕಿ, ನನಗೂ ಒಂದು ಕೈ ಮುಗಿದು ಹೋದರು. ದಾರಿ ತೋರಿಸಿದ ಅಪರಿಚಿತನಿಗೆ ಕೈ ಮುಗಿಯುತ್ತಾರಲ್ಲ, ಅಷ್ಟೇ.

ಇನಾಮ್ತಿ ರದ್ದಾಯಿತು. ಗದ್ದೆಯನ್ನು ಬೇರೆಯವರಿಗೆ ಗೇಣಿಗೆ ಕೊಟ್ಟರು. ನೋಟೀಸನ್ನು ಸಿದ್ಧ ಮಾಡಿದವನೂ ನಾನೇ.

ಆದರೆ ಆ ಹೇಳಿಕೆಯಲ್ಲಿ ಒಂದು ಮಾತು ಸಿಕ್ಕಿಹಾಕಿಕೊಂಡಿತ್ತು, ಊರಿನ ಹಾಲುಗಂಬ. ಅಂದರೆ ಮರಗಳನ್ನು ನೆಟ್ಟವರು ಸರ್ಕಾರದವರಲ್ಲ, ರೈತರು. ರೈತರು ನೆಟ್ಟ ಮರ ಹರಾಜು ಹಾಕಲು ಬರುತ್ತದೆಯೋ ಇಲ್ಲವೋ ಎಂದು ಅಮಲ್ದಾರರು ಮೇಲಕ್ಕೆ ಬರೆದರು. ಮೇಲಿನವರು, ಯಾವ ಮರ ಯಾರು ನೆಟ್ಟದ್ದು, ಪಟ್ಟಿ ಕಳಿಸಿ ಎಂದರು. ನಾನು ಮತ್ತೆ ತೋಪಿಗೆ ಹೋದೆ. ಜನ ಬಂದು ತಮ್ಮ ತಮ್ಮ ಮರ ತೋರಿಸಿದರು. ಒಬ್ಬ ವಿಧವೆ ಮರದ ಪಕ್ಕ ನಿಂತು ಗಂಡನ ಹೆಸರು ಹೇಳಲು ನಾಚಿದಳು. ಒಬ್ಬ ಮೂರು ಮದುವೆಯಾದವನು ಮೂರು ಮರ ತೋರಿಸಿ ಎಲ್ಲರನ್ನೂ ನಗಿಸಿದ. ಹೊಲಗೇರಿಯವರ ಮರಗಳೂ ಅದೇ ಸಾಲಿನಲ್ಲಿದ್ದವು. ಯಾವುದು ಯಾರದ್ದೆಂದು ತಕರಾರು ಬಂದಾಗ ಓಲಗದೋರನ್ನು ಕೇಳುತ್ತಿದ್ದರು. ಅವರಿಗೆ ಪ್ರತಿಯೊಂದೂ ನೆನಪಿತ್ತು. ಪಟ್ಟಿ ಹೋಯಿತು, ಪ್ರಶ್ನೆ ಬಂತು, ಉತ್ತರ ಹೋಯಿತು. ಆ ಕಡತವನ್ನು ನಾನು ತಡ ಮಾಡಲಿಲ್ಲ, ಬೇಗವೂ ಮಾಡಲಿಲ್ಲ. ಅದು ಮೂರನೆಯ ಸಲ ವಾಪಸು ಬರುವ ಹೊತ್ತಿಗೆ ಯುದ್ಧ ಮುಗಿದಿತ್ತು. ಬಸ್ಸುಗಳು ಮತ್ತೆ ಪೆಟ್ರೋಲು ಕುಡಿಯತೊಡಗಿದವು. ಇದ್ದಿಲು ಯಾರಿಗೂ ಬೇಡವಾಯಿತು. ಅಲ್ಲಿಂದ ಎರಡು ಮೈಲಿ ಆಚೆಯ ತೋಪನ್ನು ಈ ಊರಿನ ಹರಾಜು ನಿಂತ ತಿಂಗಳೇ ಹರಾಜು ಹಾಕಿದ್ದರು. ಅಲ್ಲಿ ಮೂರನೆಯ ಕೂಗು ಚೆನ್ನಾಗಿ ಕೇಳಿಸಿತು. ಈಗ ಆ ಜಾಗದಲ್ಲಿ ದನ ಕಟ್ಟಲೂ ಒಂದು ನೆರಳಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ನಾದಿನಿಯ ಮದುವೆಗೆ ಹೋದಾಗ. ವಯಸ್ಸಾಗಿತ್ತು. ಗದ್ದೆ ಹೋದ ಮೇಲೆ ಕ್ಷೌರದ ಕತ್ತಿಯ ಕೆಲಸವೇ ಹೆಚ್ಚು. ಉಸಿರು ಸಾಲದೆ ನಾಗಸ್ವರವನ್ನು ತಂಗಿಯ ಮಗನ ಕೈಗೆ ಕೊಟ್ಟು, ತಾವು ಹಿಂದೆ ಕೂತು ಶ್ರುತಿ ಹಿಡಿಯುತ್ತಿದ್ದರು. ಹಾಲುಗಂಬ ನೆಟ್ಟು ಜನ ಹಿಂದಿರುಗಿದ ಮೇಲೆ ನಾವಿಬ್ಬರೇ ತೋಪಿನಲ್ಲಿ ಉಳಿದೆವು. ನನ್ನ ಮರ ನನಗಿಂತ ಎತ್ತರವಾಗಿತ್ತು. ಡಾಂಬರಿನ ನಲವತ್ತೊಂದು, ತೊಗಟೆ ಹಿಗ್ಗಿ, ಇನ್ನೂ ಓದುವ ಹಾಗಿತ್ತು. ನಾನು ಅದರ ಮೇಲೆ ಕೈಯಿಟ್ಟುಕೊಂಡು, ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ನಾನು ಬರೆದ ಕಾಗದಕ್ಕೆ ಸಹಿ ಹಾಕಿದ್ರೆ ಗದ್ದೆ ಉಳೀತಿತ್ತು. ಒಂದು ಮಾತಿಗೆ ಅಷ್ಟು ಹಟ ಯಾಕೆ ಮಾಡಿದೆ?"

ಅವರು ಮರಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ಒಂದು ಸಲ ತಪ್ಪಿ ಊದ್ದೆ ಅಂತ ನಾನೇ ಬರ್ಕೊಟ್ರೆ, ಮಿಕ್ಕಿದ್ದೆಲ್ಲ ಸರಿಯಾಗಿ ಊದಿದ್ದೆ ಅಂತ ಯಾರು ನಂಬ್ತಾರೆ ಸ್ವಾಮಿ? ಈ ಊರಲ್ಲಿ ಅರ್ಧ ಜನದ ತಾಳಿ ನನ್ನ ಗಟ್ಟಿಮೇಳದಲ್ಲಿ ಬಿದ್ದಿದ್ದು. ನಿಮ್ಮದೂ."

ನನಗೆ ಮಾವನ ನೆನಪಾಯಿತು. ನನ್ನ ಮದುವೆಯಲ್ಲಿ ನೀನು ಪುರೋಹಿತರು ಕೈ ಎತ್ತುವ ಮೊದಲೇ ಊದಿದೆ, ಅವತ್ತು ನಮ್ಮ ಮಾವ ಏನಂದ, ನಿನಗೇನಾದರೂ ಕೇಳಿಸಿತಾ ಎಂದೆ.

"ಕೇಳಿಸ್ತು" ಎಂದರು. "ನನಗೆ ಎಲ್ಲಾ ಕೇಳಿಸ್ತದೆ ಸ್ವಾಮಿ. ಊದೋನಿಗೆ ಕೇಳಿಸ್ಲೇಬೇಕು. ನಿಮ್ಮನೆಯಮ್ಮನಿಗೆ ಕೇಳಿಸ್ಲಿಲ್ವಲ್ಲ, ಆಯ್ತು. ಅದು ನನ್ನ ಹತ್ರಾನೇ ಇರ್ಲಿ ಬಿಡಿ."

ಆಮೇಲೆ ಕೊರಳ ದಾರದಿಂದ ಒಂದು ಪೀಪಿ ತೆಗೆದು, ಊದುವುದು ಏನೂ ಇಲ್ಲದಿದ್ದರೂ, ಬಾಯಲ್ಲಿಟ್ಟುಕೊಂಡರು.

ಡೋಲಿನವನು ಹೋದ ಮೇಲೆ ಒಳಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಅವಳು ಒಲೆಯ ಉರಿ ತಗ್ಗಿಸಿದಳು. ನಮ್ಮ ಮದುವೆಯಲ್ಲಿ ನಿಮ್ಮ ಮಾವ ಏನೋ ಅಂದಿದ್ದರಲ್ಲ, ಅದು ಏನೆಂದು ನಿಮಗೆ ಕೊನೆಗೂ ಗೊತ್ತಾಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಗೊತ್ತಿದ್ದವರು ಒಬ್ಬರೇ ಇದ್ದರು. ಅದಕ್ಕೆ ಹನ್ನೊಂದು ದಿನ ಮೊದಲೇ ಅವರು ಅದನ್ನೂ ತಮ್ಮ ಜೊತೆ ತೆಗೆದುಕೊಂಡು ಹೋದರು.